ಮರೆವು: ಅತಿಚಾರವೋ, ವ್ಯಾಧಿಯೋ?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಶ್ರಾವಕನ ವ್ರತಗಳಿಗೆ ತಗಲುವ ಅತಿಚಾರಗಳನ್ನು ಒಂದೊಂದಾಗಿ ಎಣಿಸಿದ್ದಾರೆ. ಅವನ್ನು ಗಮನವಿಟ್ಟು ಓದಿದವರಿಗೆ ಒಂದು ಸಂಗತಿ ಕಾಣದೆ ಇರದು. ಅಲ್ಲಿ ಮರೆವು ಮೂರು ಕಡೆ ದೋಷವಾಗಿ ಬಂದಿದೆ. ದಿಗ್ವ್ರತದಲ್ಲಿ ತಾನೇ ಹಾಕಿಕೊಂಡ ಎಲ್ಲೆಯನ್ನು ಮರೆಯುವುದು ಸ್ಮೃತ್ಯಂತರಾಧಾನ. ಸಾಮಾಯಿಕದಲ್ಲಿಯೂ ಪ್ರೋಷಧೋಪವಾಸದಲ್ಲಿಯೂ ಮಾಡಬೇಕಾದ ಕ್ರಿಯೆಯನ್ನು ಮನಸ್ಸಿನಲ್ಲಿ ನಿಲ್ಲಿಸದಿರುವುದು ಸ್ಮೃತ್ಯನುಪಸ್ಥಾನ. ವ್ರತವೆಂಬುದು ನೆನಪಿನ ಆಧಾರದ ಮೇಲೆ ನಿಂತದ್ದು; ಏನನ್ನು ಬಿಟ್ಟೆನೆಂಬುದೇ ನೆನಪಿಲ್ಲದವನು ತ್ಯಾಗಿಯಾಗುವುದಾದರೂ ಹೇಗೆ? ಆದುದರಿಂದ ಶಾಸ್ತ್ರಕಾರರು ಮರೆವನ್ನು ಲಘುವಾಗಿ ಎಣಿಸಲಿಲ್ಲ.

ಈಗ ಒಂದು ಸನ್ನಿವೇಶವನ್ನು ಭಾವಿಸಬಹುದು. ಅರುವತ್ತು ವರ್ಷಗಳ ಕಾಲ ರಾತ್ರಿಭೋಜನತ್ಯಾಗವನ್ನು ನಿಷ್ಠೆಯಿಂದ ಪಾಲಿಸಿಕೊಂಡು ಬಂದ ಶ್ರಾವಿಕೆಯೊಬ್ಬಳು ತನ್ನ ಎಂಬತ್ತನೆಯ ವಯಸ್ಸಿನಲ್ಲಿ ರಾತ್ರಿ ಎಂಟು ಗಂಟೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಬೆಳಗಿನಿಂದ ತನಗೆ ಯಾರೂ ಊಟ ಹಾಕಿಲ್ಲವೆಂದು ಅಳುತ್ತಾಳೆ. ಸಂಜೆ ಐದಕ್ಕೆ ಉಂಡದ್ದು ಆಕೆಗೆ ನೆನಪಿಲ್ಲ. ತನ್ನ ವ್ರತವೂ ನೆನಪಿಲ್ಲ. ಸೊಸೆ “ಅತ್ತೆ, ನಿಮಗೆ ರಾತ್ರಿ ಊಟ ಇಲ್ಲವಲ್ಲ” ಎಂದರೆ “ಯಾರು ಹೇಳಿದ್ದು?” ಎಂದು ಕೇಳುತ್ತಾಳೆ. ಇದು ವ್ರತಭಂಗವೇ? ಆಗಿದ್ದರೆ ದೋಷ ಯಾರದು? ಆಕೆಯ ಈ ಸ್ಥಿತಿಗೆ ಕಾರಣ ಪೂರ್ವಕರ್ಮವೋ, ಮೆದುಳಿನ ರೋಗವೋ? ಅದನ್ನು ತಡೆಯಲು ಸಾಧ್ಯವಿತ್ತೇ? ಇಂತಹ ಪ್ರಶ್ನೆಗಳು ಇಂದು ಅನೇಕ ಮನೆಗಳಲ್ಲಿವೆ. ಬಾಯಿಬಿಟ್ಟು ಹೇಳುವವರು ಕಡಿಮೆ. “ಅರವತ್ತಕ್ಕೆ ಅರಳು ಮರಳು” ಎಂಬ ಗಾದೆಯ ಮರೆಯಲ್ಲಿ ಎಲ್ಲವೂ ಮುಚ್ಚಿಹೋಗುತ್ತದೆ.

ಎರಡು ಬಗೆಯ ಮರೆವು

ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಸ್ಮೃತ್ಯನುಪಸ್ಥಾನಕ್ಕೆ ಏಕಾಗ್ರತೆಯ ಅಭಾವವೆಂದು ಅರ್ಥ ಹೇಳಿದ್ದಾರೆ. ಸೂತ್ರದಲ್ಲಿ ಅದರ ಪಕ್ಕದಲ್ಲಿಯೇ ಅನಾದರವೆಂಬ ಅತಿಚಾರವಿದೆ. ಅಂದರೆ ಶಾಸ್ತ್ರವು ದೋಷವೆಂದದ್ದು ಮನಸ್ಸು ಇದ್ದೂ ಇಡದವನ ಮರೆವನ್ನು. ಅಂಗಡಿಯ ಲೆಕ್ಕವನ್ನು ಕಾಸು ಬಿಡದೆ ನೆನಪಿಟ್ಟು, ಚತುರ್ದಶಿಯನ್ನು ಮಾತ್ರ ಮರೆಯುವವನ ಮರೆವನ್ನು. ಹಿಂಸೆಯ ಲಕ್ಷಣವನ್ನು ಹೇಳುವಾಗಲೂ ಸೂತ್ರಕಾರರು ಪ್ರಮಾದದ ಯೋಗವನ್ನೇ ಮುಂದಿಟ್ಟಿದ್ದಾರೆ. ಎಚ್ಚರವಾಗಿರಲು ಶಕ್ತನಾದವನು ಎಚ್ಚರ ತಪ್ಪಿದರೆ ಪ್ರಮಾದ. ಎಚ್ಚರದ ಸಾಧನವೇ ರೋಗದಿಂದ ಕೆಟ್ಟಿದ್ದರೆ ಅದಕ್ಕೆ ಪ್ರಮಾದವೆಂಬ ಹೆಸರು ಒಪ್ಪುವುದಿಲ್ಲ. ಕಾಲು ಮುರಿದವನು ಜಿನಬಿಂಬದ ಮುಂದೆ ನಿಲ್ಲಲಾರದಿದ್ದರೆ ಅವಿನಯವೆನ್ನುವವರಿಲ್ಲ. ಮೆದುಳು ಸವೆದವಳ ಮರೆವನ್ನು ಅತಿಚಾರವೆನ್ನುವುದೂ ಹಾಗೆಯೇ ಅಯುಕ್ತ.

ವೈದ್ಯರು ಡಿಮೆನ್ಷಿಯಾ ಎಂದು ಕರೆಯುವ ಈ ವ್ಯಾಧಿಯು ಮುಪ್ಪಿನ ಸಹಜ ಮರೆವಲ್ಲ. ಕನ್ನಡಕವನ್ನು ಎಲ್ಲಿಟ್ಟೆನೆಂದು ಹುಡುಕುವುದು ಮುಪ್ಪು. ಕನ್ನಡಕ ಏತಕ್ಕೆಂಬುದೇ ತಿಳಿಯದಿರುವುದು ರೋಗ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಜೈಮರ್ ಒಬ್ಬ ಮಹಿಳೆಯ ಮೆದುಳಿನಲ್ಲಿ ಕಂಡ ವಿಕೃತಿಗಳನ್ನು ವಿದ್ವತ್ಸಭೆಯ ಮುಂದೆ ವಿವರಿಸಿದರು. ಅವರ ಹೆಸರಿನ ರೋಗವೇ ಡಿಮೆನ್ಷಿಯಾಕ್ಕೆ ಅತಿ ಸಾಮಾನ್ಯ ಕಾರಣ. ಮೆದುಳಿನ ರಕ್ತನಾಳಗಳು ಕಟ್ಟಿಕೊಳ್ಳುವುದರಿಂದಲೂ ಅದು ಬರುತ್ತದೆ. ಅನೇಕರಲ್ಲಿ ಎರಡೂ ಕೂಡಿರುತ್ತವೆ. 2023ರಲ್ಲಿ ಪ್ರಕಟವಾದ ಅಖಿಲ ಭಾರತ ಅಧ್ಯಯನವೊಂದರ ಅಂದಾಜಿನಂತೆ, ದೇಶದಲ್ಲಿ 60 ವರ್ಷ ಮೀರಿದವರಲ್ಲಿ ಶೇಕಡ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಜನ ಇದಕ್ಕೆ ಒಳಗಾಗಿದ್ದಾರೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಇದರ ಪ್ರಮಾಣ ಹೆಚ್ಚು.

ಮತಿಜ್ಞಾನದ ಬಾಗಿಲುಗಳು

ಸ್ಮೃತಿಯನ್ನು ಜೈನದರ್ಶನವು ಮತಿಜ್ಞಾನದ ಒಂದು ಪರ್ಯಾಯವಾಗಿ ಎಣಿಸುತ್ತದೆ. ಮತಿಜ್ಞಾನವು ಇಂದ್ರಿಯ ಮತ್ತು ಮನಸ್ಸುಗಳ ನಿಮಿತ್ತದಿಂದ ಹುಟ್ಟುತ್ತದೆ. ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಬೆಳೆಯುತ್ತದೆ. ವಸ್ತುವನ್ನು ಮೊದಲು ಹಿಡಿಯಬೇಕು, ವಿಶೇಷವನ್ನು ಅರಿಯಬಯಸಬೇಕು, ನಿಶ್ಚಯಿಸಬೇಕು, ಬಳಿಕ ಉಳಿಸಿಕೊಳ್ಳಬೇಕು. ಕೊನೆಯ ಮೆಟ್ಟಿಲಾದ ಧಾರಣೆಯೇ ಸ್ಮೃತಿಯ ಬೀಜ. ಅಲ್ಜೈಮರ್ ರೋಗದಲ್ಲಿ ಹೊಸ ನೆನಪುಗಳನ್ನು ನಿಲ್ಲಿಸುವ ಮೆದುಳಿನ ಭಾಗವು ಮೊದಲೇ ಕೆಡುತ್ತದೆ. ಆದುದರಿಂದಲೇ ಐವತ್ತು ವರ್ಷದ ಹಿಂದಿನ ಮದುವೆ ನೆನಪಿದ್ದು, ಐದು ನಿಮಿಷದ ಹಿಂದಿನ ಊಟ ಮರೆತುಹೋಗುತ್ತದೆ. ಆಚಾರ್ಯರಿಗೆ ಈ ರೋಗದ ಶರೀರಶಾಸ್ತ್ರ ತಿಳಿದಿತ್ತೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಜ್ಞಾನವು ಬರುವ ಬಾಗಿಲು ಮುಚ್ಚಿದರೆ ಧಾರಣೆಯೂ ಕುಂದುವುದೆಂಬ ಅವರ ಕ್ರಮವು ಇಂದಿನ ಸಂಶೋಧನೆಯನ್ನು ಅರಿಯಲು ಒಳ್ಳೆಯ ಮಾರ್ಗವಾಗಿದೆ.

ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯು ನೇಮಿಸಿದ ತಜ್ಞರ ಆಯೋಗವು, ಬದಲಾಯಿಸಬಹುದಾದ ಅಪಾಯಕಾರಣಗಳನ್ನು ಪಟ್ಟಿಮಾಡಿದೆ. 2017ರಲ್ಲಿ 9, 2020ರಲ್ಲಿ 12 ಇದ್ದ ಅವು 2024ರ ವರದಿಯಲ್ಲಿ 14 ಆಗಿವೆ. ಬಾಲ್ಯದಲ್ಲಿ ವಿದ್ಯೆಯ ಕೊರತೆ. ನಡುವಯಸ್ಸಿನಲ್ಲಿ ಕಿವಿಮಂದ, ಕೆಟ್ಟ ಕೊಲೆಸ್ಟರಾಲ್, ಖಿನ್ನತೆ, ತಲೆಗೆ ಪೆಟ್ಟು, ವ್ಯಾಯಾಮವಿಲ್ಲದಿರುವಿಕೆ, ಸಕ್ಕರೆ ಕಾಯಿಲೆ, ಧೂಮಪಾನ, ರಕ್ತದೊತ್ತಡ, ಬೊಜ್ಜು, ಅತಿಯಾದ ಮದ್ಯಪಾನ. ಮುಪ್ಪಿನಲ್ಲಿ ಒಂಟಿತನ, ಕಲುಷಿತ ಗಾಳಿ, ಚಿಕಿತ್ಸೆ ಕಾಣದ ದೃಷ್ಟಿಮಾಂದ್ಯ. ಈ ಹದಿನಾಲ್ಕನ್ನೂ ಪೂರ್ಣವಾಗಿ ನಿವಾರಿಸಲು ಸಾಧ್ಯವಾದರೆ, ಒಟ್ಟು ಪ್ರಕರಣಗಳಲ್ಲಿ ಶೇಕಡ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಆಯೋಗದ ಅಂದಾಜು. ಉಳಿದ ಭಾಗದಲ್ಲಿ ವಯಸ್ಸೇ ಮುಖ್ಯ. ಅರುವತ್ತೈದರ ಬಳಿಕ ಸುಮಾರು ಐದೈದು ವರ್ಷಕ್ಕೊಮ್ಮೆ ಅಪಾಯ ಇಮ್ಮಡಿಯಾಗುತ್ತದೆ. ವಂಶವಾಹಿಗಳ ಪಾತ್ರವೂ ಇದೆ. ಆದರೆ ಅವು ಹೆಚ್ಚಿನವರಲ್ಲಿ ಅಪಾಯವನ್ನು ಏರಿಸುತ್ತವೆಯೇ ಹೊರತು ರೋಗವನ್ನು ನಿಶ್ಚಯಿಸುವುದಿಲ್ಲ.

ಲೆಕ್ಕ ಬಲ್ಲವರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನೂರರಲ್ಲಿ 45 ಎಂಬುದು ಇಡೀ ಜನಸಮುದಾಯದ ಲೆಕ್ಕ. ಒಬ್ಬ ವ್ಯಕ್ತಿಯ ಖಾತೆಯಲ್ಲ. ಎಲ್ಲ ನಿಯಮಗಳನ್ನು ಪಾಲಿಸಿದವನಿಗೂ ರೋಗ ಬರಬಹುದು, ಒಂದನ್ನೂ ಪಾಲಿಸದವನು ತೊಂಬತ್ತರವರೆಗೆ ಚೆನ್ನಾಗಿಯೇ ಇರಬಹುದು. ಆದುದರಿಂದ ಈ ಪಟ್ಟಿಯನ್ನು ಮುಂದಿನ ಎಚ್ಚರಿಕೆಗಾಗಿ ಬಳಸಬೇಕೇ ಹೊರತು, ಆಗಲೇ ರೋಗಿಯಾದವರ ಮೇಲೆ ಹೊರಿಸುವ ದೋಷಾರೋಪಣೆಗಾಗಿ ಅಲ್ಲ.

ಶ್ರಾವಕನ ಮನೆಯ ಲೆಕ್ಕ

ಈ ಹದಿನಾಲ್ಕರಲ್ಲಿ ಮದ್ಯವನ್ನು ಅಷ್ಟಮೂಲಗುಣಗಳೇ ದೂರವಿರಿಸಿವೆ. ಅಷ್ಟಕ್ಕೇ ತೃಪ್ತಿಪಡುವುದು ಸರಿಯಲ್ಲ. ಸಸ್ಯಾಹಾರವಾದ ಮಾತ್ರಕ್ಕೆ ಶರೀರ ನಿರೋಗಿಯಾಗುವುದಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಗಾದಿಯ ಮೇಲೆ ಕುಳಿತು ವ್ಯಾಪಾರ, ಹಬ್ಬಹಬ್ಬಕ್ಕೆ ತುಪ್ಪದ ಸಿಹಿ, ಎದ್ದು ಓಡಾಡುವುದೇ ಇಲ್ಲ; ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಬೇರೆ ಆಹ್ವಾನ ಬೇಕಿಲ್ಲ. ಮೆದುಳಿಗೆ ಹಾನಿಯಾಗುವುದು ನಲವತ್ತು ಐವತ್ತರ ವಯಸ್ಸಿನಲ್ಲಿ. ಅದು ಕಣ್ಣಿಗೆ ಬೀಳುವುದು ಎಪ್ಪತ್ತರಲ್ಲಿ. ಊನೋದರ, ರಸಪರಿತ್ಯಾಗಗಳು ತಪಸ್ಸಿನ ಅಂಗಗಳಾಗಿರುವುದು ಕರ್ಮನಿರ್ಜರೆಗಾಗಿ. ದೇಹದ ಲಾಭವನ್ನೇ ಗುರಿಯಾಗಿ ಇಟ್ಟುಕೊಂಡು ಅವನ್ನು ಮಾಡುವುದು ತಪದ ಉದ್ದೇಶವಲ್ಲ. ಆದರೆ ಮಿತಾಹಾರಿಗೆ ಆ ಲಾಭವು ಪೈರಿನೊಡನೆ ಹುಲ್ಲು ಬಂದಂತೆ ತಾನಾಗಿ ಬರುತ್ತದೆ.

ಉಪವಾಸದ ವಿಷಯದಲ್ಲಿ ವಿವೇಕವೂ ಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ದಶಲಕ್ಷಣ ಪರ್ವದಲ್ಲಿ ನಿರಾಹಾರರಾಗಿದ್ದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಪದೇ ಪದೇ ಹಾಗಾಗುವುದು ಮೆದುಳಿಗೆ ಒಳ್ಳೆಯದಲ್ಲ. ತಪವನ್ನು ಶಕ್ತಿಗೆ ತಕ್ಕಂತೆ ಮಾಡಬೇಕೆಂಬುದು ಷೋಡಶಕಾರಣ ಭಾವನೆಗಳಲ್ಲಿಯೇ ಒಂದು.

ಮತ್ತೊಂದು ವಿಷಯ ಜೈನ ಕುಟುಂಬಗಳಿಗೆ ವಿಶೇಷವಾಗಿ ಸಂಬಂಧಿಸಿದ್ದು. ಬಿ12 ಎಂಬ ಜೀವಸತ್ತ್ವವು ಧಾನ್ಯ, ತರಕಾರಿಗಳಲ್ಲಿ ಇಲ್ಲ. ಸಸ್ಯಾಹಾರಿಗಳಿಗೆ ಹಾಲು ಮೊಸರೇ ಅದರ ಆಧಾರ. ದೀರ್ಘಕಾಲ ಹಾಲು ಮೊಸರುಗಳನ್ನು ತ್ಯಜಿಸಿದವರಲ್ಲಿಯೂ, ಜೀರ್ಣಶಕ್ತಿ ಕುಂದಿದ ವೃದ್ಧರಲ್ಲಿಯೂ ಅದರ ಕೊರತೆ ಬಂದು ಮರೆವು, ಗೊಂದಲ, ಕಾಲು ಜೋಮುಗಳು ಕಾಣಿಸಬಹುದು. ಥೈರಾಯ್ಡ್ ದೋಷದಿಂದಲೂ ಮರೆವು ಬರುವುದುಂಟು. ಇವನ್ನು ಸಾಮಾನ್ಯ ರಕ್ತಪರೀಕ್ಷೆಯಿಂದ ತಿಳಿಯಬಹುದು, ಬೇಗ ತಿಳಿದರೆ ಬಹುಮಟ್ಟಿಗೆ ಸರಿಪಡಿಸಲೂಬಹುದು. ಜೆಲಟಿನ್ ಹೊದಿಕೆಯ ಕ್ಯಾಪ್ಸೂಲು ಬೇಡವೆನ್ನುವವರಿಗೆ ಮಾತ್ರೆ, ಚುಚ್ಚುಮದ್ದುಗಳಿವೆ. ಗುಣವಾಗಬಹುದಾದ ಮರೆವನ್ನು ‘ಅರಳು ಮರಳು’ ಎಂದು ಬಿಟ್ಟುಬಿಡುವುದಕ್ಕಿಂತ ದೊಡ್ಡ ಪ್ರಮಾದ ಮನೆಯವರಿಂದ ಬೇರೆ ಆಗಲಾರದು.

ಕಿವಿಯ ವಿಷಯವೂ ಹಾಗೆಯೇ. ಕನ್ನಡಕ ಹಾಕಲು ಸಂಕೋಚಪಡದವರು ಶ್ರವಣಯಂತ್ರಕ್ಕೆ ಸಂಕೋಚಪಡುತ್ತಾರೆ. ಕೇಳಿಸದವನು ಮಾತುಕತೆಯಿಂದ ಹಿಂದೆ ಸರಿಯುತ್ತಾನೆ, ಪ್ರವಚನಕ್ಕೆ ಬರುವುದನ್ನು ಬಿಡುತ್ತಾನೆ, ಕೊನೆಗೆ ಒಂಟಿಯಾಗುತ್ತಾನೆ; ಒಂದು ಅಪಾಯಕಾರಣವು ಇನ್ನೊಂದನ್ನು ಕರೆತರುತ್ತದೆ. ಅಮೆರಿಕದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಮೂರು ವರ್ಷಗಳ ಪ್ರಯೋಗದಲ್ಲಿ ಶ್ರವಣಯಂತ್ರದಿಂದ ಎಲ್ಲರಿಗೂ ಸಮನಾದ ಲಾಭ ಕಾಣಲಿಲ್ಲ. ಆದರೆ ಮೊದಲೇ ಹೆಚ್ಚು ಅಪಾಯದಲ್ಲಿದ್ದ ವೃದ್ಧರಲ್ಲಿ ಬುದ್ಧಿಶಕ್ತಿ ಕುಂದುವ ವೇಗವು ಶೇಕಡ 48ರಷ್ಟು ಕಡಿಮೆಯಾಯಿತು.

ವಿದ್ಯೆಯ ಮಾತು ಇನ್ನೂ ಗಂಭೀರವಾದದ್ದು. ಅಮೆರಿಕದ 678 ಕ್ರೈಸ್ತ ಸನ್ಯಾಸಿನಿಯರನ್ನು ಡೇವಿಡ್ ಸ್ನೋಡನ್ ಎಂಬ ವಿಜ್ಞಾನಿ 1986ರಲ್ಲಿ ಆರಂಭವಾದ ಅಧ್ಯಯನದಲ್ಲಿ ಅನುಸರಿಸಿದರು. ಮಠಕ್ಕೆ ಸೇರುವಾಗ, ಸುಮಾರು ಇಪ್ಪತ್ತೆರಡರ ವಯಸ್ಸಿನಲ್ಲಿ ಅವರಲ್ಲಿ ಕೆಲವರು ಬರೆದಿದ್ದ ಆತ್ಮಕಥನಗಳು ಉಳಿದಿದ್ದವು. ಆ ಬರಹದಲ್ಲಿ ವಿಚಾರಸಾಂದ್ರತೆ ಹೆಚ್ಚಿದ್ದವರಿಗೆ ಆರು ದಶಕಗಳ ಬಳಿಕ ಬುದ್ಧಿಯ ಕುಂದು ಕಡಿಮೆಯಿತ್ತು. ಕೆಲವರ ಮೆದುಳಿನಲ್ಲಿ ಮರಣಾನಂತರ ರೋಗದ ಗುರುತುಗಳು ಕಂಡರೂ, ಬದುಕಿದ್ದಾಗ ಅವರಲ್ಲಿ ರೋಗದ ಲಕ್ಷಣಗಳು ಇರಲಿಲ್ಲ. 2013ರಲ್ಲಿ ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಪರಿಶೀಲಿಸಿ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗವು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ತೋರಿತೆಂದು ಕಂಡರು. ನಿರಕ್ಷರಿಗಳಲ್ಲಿಯೂ ಈ ವ್ಯತ್ಯಾಸವಿತ್ತು. ಇವು ಸಂಬಂಧವನ್ನು ಸೂಚಿಸುತ್ತವೆ, ಕಾರಣವನ್ನು ಸಿದ್ಧಪಡಿಸುವುದಿಲ್ಲ. ಆದರೂ ಅಭ್ಯಾಸದಲ್ಲಿರುವ ಬುದ್ಧಿಗೆ ಒಂದು ಮೀಸಲು ಬಂಡವಾಳ ಇರುತ್ತದೆಂಬ ಅಭಿಪ್ರಾಯಕ್ಕೆ ಇವು ಬಲ ಕೊಡುತ್ತವೆ.

ಹಿಂದಿನ ತಲೆಮಾರಿನಲ್ಲಿ ಗಂಡುಮಕ್ಕಳನ್ನು ಶಾಲೆಗೆ ಕಳುಹಿಸಿ ಹೆಣ್ಣುಮಕ್ಕಳನ್ನು ಒಲೆಯ ಮುಂದೆ ನಿಲ್ಲಿಸಿದ ಮನೆಗಳಿಗೆ ಲೆಕ್ಕವಿಲ್ಲ. ಅವರಲ್ಲಿ ಹಲವರು ಇಂದು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರಲ್ಲೊಬ್ಬರು ಇಂದು ಮರೆತರೆ, ಅಂದು ಶಾಲೆಯ ಬಾಗಿಲು ಮುಚ್ಚಿದವರ ಪಾಲೂ ಅದರಲ್ಲಿ ಇರಬಹುದು. ಜ್ಞಾನಕ್ಕೆ ಅಂತರಾಯ ಮಾಡುವುದು ಜ್ಞಾನಾವರಣದ ಆಸ್ರವಕ್ಕೆ ಕಾರಣವೆಂದು ಸೂತ್ರವೇ ಹೇಳುತ್ತದೆ. ಆ ಮಾತನ್ನು ರೋಗಿಯ ಕಡೆಗೆ ತಿರುಗಿಸುವ ಮೊದಲು ಸಮಾಜವು ತನ್ನ ಕಡೆಗೆ ತಿರುಗಿಸಿಕೊಳ್ಳುವುದು ನ್ಯಾಯ.

ಕರ್ಮದ ಹೆಸರಿನಲ್ಲಿ

“ಹಿಂದಿನ ಜನ್ಮದಲ್ಲಿ ಶಾಸ್ತ್ರಕ್ಕೆ ಅವಿನಯ ಮಾಡಿರಬೇಕು” ಎಂಬ ಮಾತು ರೋಗಿಯ ಬೆನ್ನ ಹಿಂದೆ ಕೇಳಿಬರುವುದುಂಟು. ಇದರಲ್ಲಿ ಸಿದ್ಧಾಂತಕ್ಕಿಂತ ಸಾಹಸವೇ ಹೆಚ್ಚು. ಯಾವ ಜೀವಕ್ಕೆ ಯಾವ ಕರ್ಮ ಯಾವಾಗ ಬಂಧವಾಯಿತೆಂಬುದನ್ನು ಪ್ರತ್ಯಕ್ಷವಾಗಿ ಬಲ್ಲವರು ಕೇವಲಿಗಳು, ನೆರೆಮನೆಯವರಲ್ಲ. ಕರ್ಮದ ಉದಯವು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವನ್ನು ಅಪೇಕ್ಷಿಸುತ್ತದೆ. ಅಪಕರ್ಷಣ, ಸಂಕ್ರಮಣಗಳಿಂದ ಅದರ ಸ್ಥಿತಿ, ಅನುಭಾಗ, ಪ್ರಕೃತಿಗಳು ಬದಲಾಗುವುದುಂಟು. ಕರ್ಮಸಿದ್ಧಾಂತವು ಪುರುಷಾರ್ಥವನ್ನು ಬೋಧಿಸುತ್ತದೆ, ಕೈಕಟ್ಟಿ ಕೂರುವುದನ್ನಲ್ಲ. ಜ್ವರಕ್ಕೆ ಔಷಧ ಕೊಡಿಸುವಾಗ ಅಸಾತಾವೇದನೀಯವನ್ನು ನೆನೆದು ಸುಮ್ಮನಿರದವರು, ಮರೆವಿನ ರೋಗಕ್ಕೆ ಮಾತ್ರ ಜ್ಞಾನಾವರಣೀಯವನ್ನು ಮುಂದೆ ಮಾಡುವುದು ಸರಿಯಲ್ಲ.

ಇನ್ನೊಂದು ಮಾತು. ಆವರಣವೆಂದರೆ ಮರೆ, ನಾಶವಲ್ಲ. ಜೀವದ ಲಕ್ಷಣವಾದ ಉಪಯೋಗವು ನಿಗೋದದಲ್ಲಿರುವ ಜೀವಕ್ಕೂ ತಪ್ಪಿದ್ದಲ್ಲ. ಮಗನ ಹೆಸರು ಮರೆತ ತಾಯಿಯಲ್ಲಿ ಆತ್ಮಕ್ಕೆ ಏನೂ ಕೊರತೆಯಾಗಿಲ್ಲ. ಆಕೆಯ ಎದುರಿನಲ್ಲಿಯೇ ಆಕೆ ಇಲ್ಲದಂತೆ ಮಾತನಾಡುವುದು ಸಿದ್ಧಾಂತವನ್ನು ಬಲ್ಲವರಿಗೆ ತಕ್ಕದ್ದಲ್ಲ. ಎಲ್ಲವೂ ಮಾಸಿದ ಮೇಲೂ ಎಷ್ಟೋ ಜನರ ನಾಲಗೆಯಲ್ಲಿ ಬಾಲ್ಯದ ಹಾಡುಗಳೂ ಪ್ರಾರ್ಥನೆಗಳೂ ಉಳಿದಿರುತ್ತವೆ. ಪಕ್ಕದಲ್ಲಿ ಕುಳಿತು ಪಂಚನಮಸ್ಕಾರವನ್ನು ಮೆಲ್ಲಗೆ ಆರಂಭಿಸಿದರೆ ಆಕೆಯೇ ಅದನ್ನು ಮುಂದುವರಿಸಬಹುದು.

ಮರೆತವರ ನ್ಯಾಸ

ಇನ್ನು ಮೊದಲಿನ ಪ್ರಶ್ನೆಗೆ ಬರಬಹುದು. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ಪೂಜ್ಯಪಾದರು ಅದಕ್ಕೆ ಕೊಡುವ ವಿವರಣೆ ಮನನಯೋಗ್ಯವಾದದ್ದು. ಒಬ್ಬನು ಹೊನ್ನನ್ನು ಒತ್ತೆಯಿಟ್ಟು ಹೋಗಿ, ಎಷ್ಟಿಟ್ಟೆನೆಂಬುದನ್ನು ಮರೆತು, ಕಡಿಮೆ ಸಂಖ್ಯೆಯನ್ನು ಹೇಳಿ ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು, ಅಷ್ಟೇ’ ಎನ್ನುತ್ತಾನೆ. ಇಲ್ಲಿ ಮರೆತವನಿಗೆ ದೋಷವಿಲ್ಲ. ನೆನಪಿದ್ದವನು ಇನ್ನೊಬ್ಬನ ಮರೆವನ್ನು ತನ್ನ ಲಾಭಕ್ಕೆ ಬಳಸಿಕೊಂಡದ್ದೇ ದೋಷ. ವರ್ತಕರಿಗೆ ಹೇಳಿದಂತಿರುವ ಈ ಮಾತಿನಲ್ಲಿ ಡಿಮೆನ್ಷಿಯಾ ಇರುವ ಮನೆಯ ಧರ್ಮವೆಲ್ಲ ಅಡಗಿದೆ. ರೋಗಿಯು ತನ್ನ ವ್ರತ, ಸೊತ್ತು, ಮಾನ ಎಲ್ಲವನ್ನೂ ಮನೆಯವರಲ್ಲಿ ನ್ಯಾಸವಾಗಿ ಇಟ್ಟಿದ್ದಾಳೆ; ಎಷ್ಟಿಟ್ಟೆನೆಂಬುದನ್ನು ಮಾತ್ರ ಮರೆತಿದ್ದಾಳೆ.

ವ್ರತದ ವಿಷಯದಲ್ಲಿ ಇದರ ಅರ್ಥವೇನು? ಆಕೆಗೆ ತಿಳಿಯುವುದಿಲ್ಲವೆಂದು, ಜೀವಮಾನವೆಲ್ಲ ಬಿಟ್ಟಿದ್ದ ಪದಾರ್ಥವನ್ನು ಅನುಕೂಲಕ್ಕಾಗಿ ತಟ್ಟೆಗೆ ಹಾಕುವುದು ನ್ಯಾಸಾಪಹಾರವೇ ಸರಿ. ಹಾಗೆಂದು ವ್ರತದ ಹೆಸರಿನಲ್ಲಿ ಬಾಗಿಲು ಹಾಕಿ, ಗದರಿಸಿ, ಹಸಿವೆಯಿಂದ ಅಳಿಸುವುದು ವ್ರತರಕ್ಷಣೆಯಲ್ಲ. ಈ ರೋಗದಲ್ಲಿ ಸಂಜೆಯಾಗುತ್ತಿದ್ದಂತೆ ಗೊಂದಲ ಹೆಚ್ಚುವುದು ಸಾಮಾನ್ಯ. ಆದುದರಿಂದ ಸೂರ್ಯಾಸ್ತಕ್ಕೆ ಮುನ್ನವೇ ಹೊಟ್ಟೆತುಂಬ ಉಣಿಸಿ, ಬಳಿಕ ಅಡುಗೆಮನೆಯ ಸದ್ದು ವಾಸನೆಗಳಿಂದ ದೂರವಾಗಿ, ಪರಿಚಿತವಾದ ಸ್ತೋತ್ರಗಳ ನಡುವೆ ಕೂರಿಸುವುದು ಒಳ್ಳೆಯ ಉಪಾಯ. ಮನೆಯವರೂ ರಾತ್ರಿಯ ಊಟವನ್ನು ಬಿಟ್ಟರೆ ಆಕೆಯ ವ್ರತ ತಾನಾಗಿ ಉಳಿಯುತ್ತದೆ. ಇಷ್ಟಾದರೂ ಹಸಿವೆಂದು ಅಳುವ ರೋಗಿಗೆ ಏನನ್ನಾದರೂ ಕೊಟ್ಟವರು ಕರುಣೆಯಿಂದ ಕೊಟ್ಟವರು. ಆಕೆಗೆ ಅದು ಅತಿಚಾರವಲ್ಲ. ಮನಸ್ಸಿಗೆ ಶಂಕೆ ಉಳಿದರೆ ಗುರುಗಳಲ್ಲಿ ನಿವೇದಿಸಿಕೊಳ್ಳಬೇಕಾದವರು ಮನೆಯವರು, ಆಕೆಯಲ್ಲ.

ಸೊತ್ತಿನ ವಿಷಯ ಇನ್ನೂ ಸ್ಪಷ್ಟವಾದದ್ದು. ಏನು ಬರೆದಿದೆಯೆಂದು ತಿಳಿಯದ ವೃದ್ಧರ ಹೆಬ್ಬೆರಳನ್ನು ಪತ್ರಕ್ಕೆ ಒತ್ತಿಸಿಕೊಳ್ಳುವುದು ಕೂಟಲೇಖಕ್ರಿಯೆಗೆ ಸಮಾನ. ಒಪ್ಪಂದ ಮಾಡುವವನು ಸ್ವಸ್ಥಚಿತ್ತನಾಗಿರಬೇಕೆಂದು 1872ರ ಭಾರತೀಯ ಒಪ್ಪಂದಗಳ ಅಧಿನಿಯಮವೂ ಹೇಳುತ್ತದೆ. ಬಸದಿಯ ಟ್ರಸ್ಟುಗಳೂ ಈ ಎಚ್ಚರಿಕೆಗೆ ಹೊರತಲ್ಲ. ಕಲಶಾಭಿಷೇಕದ ಸವಾಲಿನಲ್ಲಿ ಮರೆವಿನ ರೋಗಿಯೊಬ್ಬರು ಹುಮ್ಮಸ್ಸಿನಿಂದ ದೊಡ್ಡ ಮೊತ್ತವನ್ನು ಕೂಗಿದರೆ, ಅಥವಾ ಕೊಟ್ಟ ದೇಣಿಗೆಯನ್ನೇ ಮರೆತು ಮತ್ತೆ ಕೊಡಲು ಬಂದರೆ, ಅದನ್ನು ರಸೀತಿ ಬರೆದು ಸ್ವೀಕರಿಸಬಾರದು. ಪುಸ್ತಕ ತೆರೆದು “ಯಜಮಾನರೇ, ನಿಮ್ಮದು ಆಗಲೇ ಸಂದಾಯವಾಗಿದೆ” ಎಂದು ಹೇಳುವವನೇ ನಿಜವಾದ ಧರ್ಮದರ್ಶಿ.

ಸಲ್ಲೇಖನದ ವಿಚಾರದಲ್ಲಂತೂ ಸಡಿಲಿಕೆ ಇರಲೇಬಾರದು. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರತೀಕಾರವಿಲ್ಲದ ರೋಗವನ್ನೂ ಸಲ್ಲೇಖನದ ಸಂದರ್ಭವಾಗಿ ಹೇಳಿರುವುದು ನಿಜ. ಆದರೆ ಅಲ್ಲಿಯೇ ಕ್ಷಮೆಯನ್ನು ಬೇಡುವುದು, ಕ್ಷಮಿಸುವುದು, ಮಾಡಿದ ಪಾಪಗಳನ್ನು ನಿಷ್ಕಪಟವಾಗಿ ಆಲೋಚನೆ ಮಾಡಿ ಮಹಾವ್ರತವನ್ನು ಧರಿಸುವುದು ಮೊದಲಾದ ವಿಧಿಗಳಿವೆ. ಸ್ಮೃತಿ ಇಲ್ಲದವರಿಗೆ ಆಲೋಚನೆಯೆಲ್ಲಿ? ಒಪ್ಪಿಗೆಯೆಲ್ಲಿ? ಬೇರೆಯವರು ಯಾರಿಗೂ ಸಲ್ಲೇಖನವನ್ನು ‘ಕೊಡಿಸಲು’ ಬರುವುದಿಲ್ಲ. ಸೇವೆಯ ಆಯಾಸವು ವೈರಾಗ್ಯದ ವೇಷವನ್ನು ತೊಡಬಾರದು.

ಚತುರ್ವಿಧ ದಾನದ ದಾರಿ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳು ಕರ್ನಾಟಕದ ಜೈನರಿಗೆ ಹೊಸವಲ್ಲ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಪರಂಪರೆಯಿದು. ಸಂಶೋಧಕರ ಹದಿನಾಲ್ಕು ಕಾರಣಗಳಲ್ಲಿ ಹಲವಕ್ಕೆ ಈ ನಾಲ್ಕರಲ್ಲಿಯೇ ಉತ್ತರವಿದೆ. ಬಡ ಹೆಣ್ಣುಮಕ್ಕಳ ಓದಿಗೆ ವಿದ್ಯಾರ್ಥಿವೇತನ ಶಾಸ್ತ್ರದಾನ. ವರ್ಷಕ್ಕೆರಡು ಬಾರಿ ಬಸದಿಯ ಸಭಾಭವನದಲ್ಲಿ ರಕ್ತದೊತ್ತಡ, ಸಕ್ಕರೆ, ಕಿವಿ, ಕಣ್ಣುಗಳ ಪರೀಕ್ಷೆ ಔಷಧದಾನ. ಪರ್ವದ ಭೋಜನದಲ್ಲಿ ಸಿಹಿ, ಎಣ್ಣೆಗಳನ್ನು ಹಿತಮಿತಗೊಳಿಸುವುದು ಆಹಾರದಾನ. ಒಂಟಿಯಾಗಿರುವ ವಿಧವೆಯರನ್ನೂ ವಿಧುರರನ್ನೂ ವಾಹನದಲ್ಲಿ ಸ್ವಾಧ್ಯಾಯಕ್ಕೆ ಕರೆತಂದು ಮತ್ತೆ ಮನೆಗೆ ಮುಟ್ಟಿಸುವುದು, ರೋಗಿಯ ಬಳಿ ಎರಡು ಗಂಟೆ ಕುಳಿತು ಹಗಲಿರುಳು ದಣಿದ ಮಗಳು ಸೊಸೆಯರಿಗೆ ಬಿಡುವು ಕೊಡುವುದು ಅಭಯದಾನ. ವೈಯಾವೃತ್ತ್ಯವು ಅಂತರಂಗ ತಪಗಳಲ್ಲಿ ಒಂದು. ಅದು ಮನೆಯ ಹೆಂಗಸರಿಗೆ ಮಾತ್ರ ಹೇಳಿದ ತಪವೆಂದು ಯಾವ ಶಾಸ್ತ್ರದಲ್ಲಿಯೂ ಇಲ್ಲ.

ಮರೆವು ರೋಗಿಯಲ್ಲಿ ವ್ಯಾಧಿ. ನೆನಪಿದ್ದೂ ಸುಮ್ಮನಿರುವವರಲ್ಲಿ ಅತಿಚಾರ. ನಡುವಯಸ್ಸಿನವರು ತಮ್ಮ ದೇಹದ ಎಚ್ಚರವನ್ನೂ, ಮನೆಯವರು ಮರೆತವರ ನ್ಯಾಸವನ್ನೂ, ಟ್ರಸ್ಟುಗಳು ಒಂಟಿಯಾದವರ ಹಾದಿಯನ್ನೂ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಬರುವ ಕ್ಷಮಾವಾಣಿಯಂದು ಪರಸ್ಪರ ಕ್ಷಮೆ ಕೇಳುವಾಗ, ಕ್ಷಮಿಸಿದ್ದನ್ನೂ ಮರೆತುಬಿಡುವ ಹಿರಿಯರ ಬಳಿಗೆ ಮೊದಲು ಹೋಗುವುದು ಶ್ರಾವಕ ಕುಟುಂಬಗಳಿಗೆ ಶೋಭೆ.